ಚರ್ಚಿನಿಂದ ಕಾಲುವೆಯವರೆಗೆ ಹದಿನಾಲ್ಕು ಬಾಗಿಲು

ಮೊನ್ನೆ ಮಂಗಳವಾರ ಕ್ರಾನ್‌ಬರ್ನ್‌ನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಚಹಾದ ಕಪ್ಪನ್ನು ಅಂಗೈ ಮೇಲೆ ಕೂರಿಸಿ ಬೆರಳ ಗೆಣ್ಣಿನಿಂದ ಬಡಿದು ನೋಡಿದೆ. ಟಣ್ ಅನ್ನಬೇಕಿತ್ತು, ಟಪ್ ಅಂದಿತು. ಒಳಗೆಲ್ಲೋ ಬಿರುಕು, ಕಣ್ಣಿಗೆ ಕಾಣುವುದಿಲ್ಲ. ಜೊತೆಗಿದ್ದ ಮೊಮ್ಮಗಳು ದಿಯಾ, ಎಂಟು ವರ್ಷದವಳು, ನನ್ನ ಸೆರಗು ಎಳೆದಳು.

"ಅಜ್ಜಿ, ಸ್ಟಾಪ್ ಇಟ್. ಎವ್ರಿಬಡಿ ಈಸ್ ಲುಕಿಂಗ್."

"ನೋಡ್ಲಿ ಬಿಡು. ಒಡಕು ಕಪ್ಪು ಮಾರ್ಲಿಕ್ಕೆ ಇಟ್ಟದ್ದು ಅವ್ರು. ನಾಚಿಕೆ ನಂಗೆ ಎಂತಕ್ಕೆ?"

ಹಾಗೆಂದವಳು ಕಪ್ಪನ್ನು ಬೋರಲು ಮಾಡಿ ತಳದ ಮುದ್ರೆ ನೋಡಿದೆ. ನೋಡಿದ ಮೇಲೆ ಕೈ ಅಲ್ಲೇ ನಿಂತಿತು. ಬಡಿದು ನೋಡುವ ಚಾಳಿ ನನ್ನದು. ತಳ ತಿರುಗಿಸಿ ನೋಡುವ ಚಾಳಿ ನನ್ನದಲ್ಲ, ಸಿಡ್ನಿಯಲ್ಲಿ ನಮ್ಮ ನೆರೆಮನೆಯಲ್ಲಿದ್ದ ಜೋನಮ್ಮನದು. ಅವಳಿರುವ ವೃದ್ಧರ ಮನೆ ಆ ಅಂಗಡಿಯಿಂದ ಬಸ್ಸಿನಲ್ಲಿ ನಾಲ್ಕು ಸ್ಟಾಪು. ಅಳಿಯನ ಕೆಲಸ ಬದಲಾಗಿ ನಾವು ಸಿಡ್ನಿ ಬಿಟ್ಟು ಮೆಲ್ಬರ್ನಿಗೆ ಬಂದು ಏಳು ತಿಂಗಳು. ಒಮ್ಮೆಯೂ ಹೋಗಿರಲಿಲ್ಲ. ಪುರುಸೊತ್ತಿಲ್ಲ ಎಂದು ಮಗಳಿಗೆ ಹೇಳುತ್ತಿದ್ದೆ. ನಿಮಗೆ ಸುಳ್ಳು ಯಾಕೆ ಹೇಳಲಿ, ಹೆದರಿಕೆ.

ಬಡಿಯುವ ಚಾಳಿ ಮಂಗಳೂರಿನ ಹಂಚಿನ ಕಾರ್ಖಾನೆಯದು. ಮೂರನೇ ಕ್ಲಾಸು ಮುಗಿಸಿ ಮನೆಯಲ್ಲಿ ಕೂತವಳನ್ನು ಹನ್ನೊಂದನೇ ವರ್ಷಕ್ಕೆ ಅಲ್ಲಿಗೆ ಕಳಿಸಿದರು. ಮೊದಲು ಹಸಿ ಹಂಚು ಹೊರುವುದು, ಆಮೇಲೆ ಸುಟ್ಟ ಹಂಚು ಆರಿಸುವುದು. ಅಂಗೈ ಮೇಲೆ ಹಂಚು ಇಟ್ಟು ಗೆಣ್ಣಿನಿಂದ ಒಂದು ಬಡಿತ. ಸದ್ದು ಸರಿಯಾದರೆ ಸಾಲಿಗೆ, ಇಲ್ಲವಾದರೆ ರಾಶಿಗೆ. ಇಪ್ಪತ್ತೆರಡು ವರ್ಷ ಬಡಿದಿದ್ದೇನೆ. ರಾಶಿಗೆ ಎಸೆದ ಹಂಚಿನ ಕಡೆ ಒಂದು ದಿನವೂ ತಿರುಗಿ ನೋಡಿದವಳಲ್ಲ.

ಆರು ವರ್ಷದ ಹಿಂದೆ, ದಿಯಾ ಎರಡು ವರ್ಷದವಳಿದ್ದಾಗ, ನಾವು ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿದ್ದೆವು. ಮಗಳು ಸುಜಾತ, ಅಳಿಯ ಇಬ್ಬರೂ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಬರುವಾಗ ಸಂಜೆ. ಹಗಲೆಲ್ಲ ನಾನು, ಮಗು, ಮತ್ತೆ ಬೇಲಿಯಾಚೆ ಜೋನ್ ಎಂಬ ಇಂಗ್ಲೆಂಡಿನ ಮುದುಕಿ. ಒಂಟಿ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳು. ಮೊದಲ ದಿನವೇ ನನ್ನನ್ನು "ಡಕ್" ಎಂದು ಕರೆದಳು. ಬಾತುಕೋಳಿ! ನನ್ನ ನಡಿಗೆ ಸ್ವಲ್ಪ ಹಾಗೇ ಇದೆ, ಒಪ್ಪುತ್ತೇನೆ. ಆದರೆ ಮುಖಕ್ಕೇ ಹೇಳುವುದೇ? ಸಂಜೆ ಸುಜಾತನಿಗೆ ದೂರು ಹೇಳಿದೆ. ಅವಳು ಬೇಲಿ ಹತ್ತಿರ ಹೋಗಿ ವಿಚಾರಿಸಿ ನಗುತ್ತಾ ಬಂದಳು.

"ಅಮ್ಮ, ಅವ್ರ ಊರಲ್ಲಿ ಎಲ್ಲರನ್ನೂ ಹಾಗೇ ಕರೀತಾರಂತೆ. ನೀನು ಮಾರಾಯ್ತಿ ಅಂತೀಯಲ್ಲ, ಹಾಗೆ."

ಮರುದಿನದಿಂದ ನಾನು ಅವಳನ್ನು ಜೋನಮ್ಮ ಎಂದೆ. ಅವಳ ಮನೆಯಲ್ಲಿ ಚಹಾ ಕೊಟ್ಟ ಕಪ್ಪನ್ನು ಅಭ್ಯಾಸಬಲದಿಂದ ಬಡಿದುಬಿಟ್ಟೆ. ಬೈಯುತ್ತಾಳೆ ಎಂದುಕೊಂಡರೆ ಕುಣಿದಳು. ಅವಳದು ಕುಂಬಾರರ ಊರಂತೆ, ಎಲ್ಲಿ ಕಪ್ಪು ಕಂಡರೂ ತಳ ತಿರುಗಿಸಿ ಊರಿನ ಮುದ್ರೆ ಹುಡುಕುವಳು. ಅವಳ ಅಮ್ಮ ಕಪ್ಪಿಗೆ ಹೂ ಬರೆಯುವ ಕೆಲಸದವಳು, ಚಿಕ್ಕಮ್ಮ ಕಪ್ಪು ಬಡಿದು ಆರಿಸುವವಳು. ಭೂಮಿಯ ಎರಡು ತುದಿಯಲ್ಲಿ ಎರಡು ಹೆಂಗಸರು ಮಣ್ಣಿಗೆ ಬಡಿದು ಹೊಟ್ಟೆ ಹೊರೆದಿದ್ದರು ಎಂದು ತಿಳಿದದ್ದೇ ನಮ್ಮ ಸ್ನೇಹ. ಭಾಷೆ? ನನ್ನದು ಅಡುಗೆಮನೆಯ ಇಂಗ್ಲಿಷ್. ಉಳಿದದ್ದು ಕೈಸನ್ನೆ. ಅದಕ್ಕೂ ಬಗ್ಗದ್ದನ್ನು ಸುಜಾತ ಶನಿವಾರ ಬಿಡಿಸಿ ಹೇಳುತ್ತಿದ್ದಳು.

ಆ ಊರಿನ ವಿಚಾರ ನಾನು ಕೇಳಿದ್ದು ಹೀಗೆ. ಮನೆಗಳ ನಡುನಡುವೆಯೇ ಮಣ್ಣಿನ ಸಾಮಾನು ಸುಡುವ, ಬಾಟಲಿಯ ಆಕಾರದ ಭಟ್ಟಿಗಳು. ಬೆಂಕಿ ಹಾಕಿದ ದಿನ ಹೊಗೆ ಬೀದಿಗೆ ಇಳಿದರೆ ಚಾಚಿದ ಕೈ ಕಾಣದು. ಒಣಹಾಕಿದ ಬಟ್ಟೆ ಕಪ್ಪು. ಶಾಲೆ ಚರ್ಚಿನ ಪಕ್ಕ. ಮಕ್ಕಳು ಗೋಡೆಗೆ ಕೈಯಿಟ್ಟು ಬಾಗಿಲು ಎಣಿಸುತ್ತಾ ಮನೆ ಸೇರಬೇಕು. ಚರ್ಚಿನಿಂದ ಕಾಲುವೆಯವರೆಗೆ ಹದಿನಾಲ್ಕು ಬಾಗಿಲು: ಔಷಧಿ ಅಂಗಡಿ, ಮಾಂಸದ ಅಂಗಡಿ, ಜೋಡು ಹೊಲಿಯುವವನು, ಹೀಗೆ. ಹನ್ನೊಂದನೆಯದು ಕಿಟಕಿಯಲ್ಲಿ ಓಟ್ಸಿನ ದೋಸೆ ಮಾರುವ ಹೆಂಗಸಿನದು. ದೋಸೆ ಎಂದೇ ನಾನು ಹೇಳುವುದು. ಕಾವಲಿ ಮೇಲೆ ಹುಯ್ಯುವುದು ಅಂದಮೇಲೆ ಇನ್ನೇನು? ಅವಳ ಗೋಡೆ ಒಲೆಯ ಕಾವಿಗೆ ಯಾವಾಗಲೂ ಬೆಚ್ಚಗೆ. ಕೈಗೆ ಬಿಸಿ ತಾಗಿತೆಂದರೆ ಮುಂದಿನ ಬಾಗಿಲು ಜೋನಮ್ಮನ ಮನೆ. ನಾನು ಒಂದು ದಿನ ನೀರುದೋಸೆ ಕೊಟ್ಟೆ. ಅದರೊಳಗೆ ಚೀಸ್ ಇಟ್ಟು ಮಡಚಿ ತಿಂದಳು.

ಆ ಬೀದಿಯನ್ನು ಕೆಡವಿ ಎಷ್ಟೋ ವರ್ಷವಾಗಿತ್ತು. ಯಾವ ಯಾವ ಅಂಗಡಿ ಇತ್ತು ಎಂದು ನೆನಪಿದ್ದವರು ಬರೆದು ಕಳಿಸಿ ಎಂದು ಊರಿನ ಯಾರೋ ಅವಳಿಗೆ ಕಾಗದ ಹಾಕಿದ್ದರು. ಅದಕ್ಕೆ ಜೋನಮ್ಮ ಬಿಸ್ಕತ್ತಿನ ಡಬ್ಬಿಯಿಂದ ಬಟ್ಟೆಯ ಕ್ಲಿಪ್ಪು ಸುರಿದು, ಮೇಜಿನ ಮೇಲೆ ಬಾಗಿಲಿಗೊಂದರಂತೆ ಇಟ್ಟು, ಹೆಸರು ಹೇಳುವಳು. ದಿನಾ ಅದೇ. ಎರಡು ತಿಂಗಳಲ್ಲಿ ನನಗೂ ಬಾಯಿಪಾಠ ಬಂತು. ನಾನು ನೋಡದ ಬೀದಿ, ನನಗೆ ಅರ್ಥವಾಗದ ಹೆಸರು. ಆದರೆ ಕ್ರಮ ಗೊತ್ತು.

ಅದಕ್ಕೇ, ಒಂದು ದಿನ ಅವಳು ಹತ್ತನೆಯದಾದ ಮೇಲೆ ನೇರ ಹದಿಮೂರನೆಯದಾದ ಕಾರ್ಖಾನೆಯ ಗೇಟಿಗೆ ಹಾರಿದಾಗ ನನ್ನ ಕಿವಿ ನಿಮಿರಿತು. ದೋಸೆಯವಳಿಲ್ಲ. ಅವಳ ಮನೆಯೂ ಇಲ್ಲ. ನಾನೇ ಎರಡು ಕ್ಲಿಪ್ಪು ತೆಗೆದು ನಡುವೆ ಇಟ್ಟೆ.

"ಮೈ ಸ್ಟ್ರೀಟ್," ಎಂದು ಕಣ್ಣು ಕೆಂಪು ಮಾಡಿ ಕಿತ್ತು ಬಿಸಾಡಿದಳು.

ಟಪ್ ಎಂಬ ಸದ್ದು ನನಗೆ ಆ ದಿನವೇ ಕೇಳಿತ್ತು. ಯಾರಿಗೂ ಹೇಳಲಿಲ್ಲ.

ಹದಿನೈದು ದಿನ ಕಳೆದಿರಬಹುದು. ಮಗುವನ್ನು ಅವಳ ಅಡುಗೆಮನೆಯ ಚಾಪೆ ಮೇಲೆ ಕೂರಿಸಿ, ಹಿತ್ತಲಿನ ಹಗ್ಗದಿಂದ ಅವಳ ಬಟ್ಟೆ ತೆಗೆಯುತ್ತಿದ್ದೆ. ಸುಟ್ಟ ವಾಸನೆ. ಓಡಿ ಬಂದರೆ ಒಳಗೆ ಕರ್ರಗೆ ಹೊಗೆ. ಪ್ಲಾಸ್ಟಿಕ್ಕಿನ ಕರೆಂಟ್ ಕೆಟಲನ್ನು ಗ್ಯಾಸ್ ಉರಿಯ ಮೇಲೆ ಇಟ್ಟಿದ್ದಾಳೆ. ಅದು ಕರಗಿ ಉರಿಯುತ್ತಿದೆ. ಮಗು ಕೆಮ್ಮುತ್ತಿದೆ. ಜೋನಮ್ಮ ಮಗುವನ್ನು ನೋಡುತ್ತಿಲ್ಲ, ಒಲೆಯನ್ನೂ ನೋಡುತ್ತಿಲ್ಲ. ಗೋಡೆಗೆ ಅಂಗೈ ಒತ್ತಿ, ತಡವುತ್ತಾ, ಬಾಯಲ್ಲಿ ಎಣಿಸುತ್ತಾ ಹೋಗುತ್ತಿದ್ದಾಳೆ.

ಮೊದಲು ಮಗುವನ್ನು ಎತ್ತಿದೆನೋ ಗ್ಯಾಸು ಆರಿಸಿದೆನೋ ನೆನಪಿಲ್ಲ. ಹೊಗೆ ತಿಳಿಯಾದ ಮೇಲೆ ಅವಳು ನನ್ನ ಮುಂಗೈ ಹಿಡಿದಳು. "ನೋ ಪೀಟರ್. ಪ್ಲೀಸ್, ಡಕ್." ಪೀಟರ್ ಅವಳ ಮಗ, ಮೆಲ್ಬರ್ನಿನಲ್ಲಿರುವವನು. ಅವನಿಗೆ ಗೊತ್ತಾದರೆ ಮನೆ ಬಿಡಿಸಿ ಕರೆದೊಯ್ಯುತ್ತಾನೆ ಎಂಬ ಭಯ ಅವಳಿಗೆ ಮೊದಲಿಂದಲೂ ಇತ್ತು.

ಸಂಜೆ ಸುಜಾತನಿಗೆ ಎಲ್ಲ ಹೇಳಿದೆ. "ಇನ್ನು ಮಗೂನ ಅಲ್ಲಿಗೆ ಕರ್ಕೊಂಡು ಹೋಗ್ಬೇಡ. ಆದ್ರೆ ಪೀಟರ್ ಹತ್ರ ನೀನು ಮಾತಾಡ್ಬೇಡಮ್ಮ. ಅವ್ರ ಫ್ಯಾಮಿಲಿ ಮ್ಯಾಟರ್, ಇಲ್ಲಿ ಹಾಗೆಲ್ಲ ಇಂಟರ್‌ಫಿಯರ್ ಮಾಡ್ಲಿಕ್ಕಿಲ್ಲ."

"ನಾಳೆ ಅವಳೇ ಸುಟ್ಟು ಹೋದ್ರೆ? ಅದು ಯಾರ ಮ್ಯಾಟರು?"

ಸುಜಾತ ಮಗುವಿನ ಹೊಗೆ ಹಿಡಿದ ಅಂಗಿಯನ್ನು ನೆನೆಹಾಕಲು ಹೋದಳು. ನಾನು ದಿನಕ್ಕೆ ಹತ್ತು ಸಲ ಬೇಲಿ ಹತ್ತಿರ ನಿಂತು ಮೂಗು ಅರಳಿಸಿ ವಾಸನೆ ನೋಡುತ್ತಿದ್ದೆ. ನಾಯಿಗೂ ನನಗೂ ವ್ಯತ್ಯಾಸ ಉಳಿದಿರಲಿಲ್ಲ.

ಒಂದು ಭಾನುವಾರ ಪೀಟರ್ ಬಂದ. ನಮ್ಮನ್ನೂ ಚಹಾಕ್ಕೆ ಕರೆದರು. ಜೋನಮ್ಮ ಲಿಪ್‌ಸ್ಟಿಕ್ ಹಚ್ಚಿ, ನಗುತ್ತಾ, ಕೆಟಲು ರಿಪೇರಿಗೆ ಕೊಟ್ಟಿದ್ದೇನೆ ಎಂದಳು. ಅವನು ನಂಬಿದ. ಮೂರು ಗಂಟೆಗೆ ಹೊರಡಬೇಕು ಎಂದು ಗಡಿಯಾರ ನೋಡಿದ. ಸುಜಾತ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಇವನು ಹೀಗೇ ಹೋದರೆ ಮತ್ತೆ ಬರುವುದು ಯಾವಾಗಲೋ. ನಾನು ಎದ್ದು ಬಿಸ್ಕತ್ತಿನ ಡಬ್ಬಿ ತಂದು ಕ್ಲಿಪ್ಪುಗಳನ್ನು ಅವಳ ಮುಂದೆ ಸುರಿದೆ.

"ಜೋನಮ್ಮ, ಸ್ಟ್ರೀಟ್."

ಅವಳು ಖುಷಿಯಿಂದಲೇ ಶುರುಮಾಡಿದಳು. ಒಂದು, ಎರಡು, ಮೂರು. ಆರರ ನಂತರ ಕೈ ಗಾಳಿಯಲ್ಲಿ ನಿಂತಿತು. ಒಂದು ಇಟ್ಟಳು, ತೆಗೆದಳು. ಮತ್ತೆ ಇಟ್ಟಳು. ಪೀಟರ್ ಕೇಕು ಅಗಿಯುವುದನ್ನು ನಿಲ್ಲಿಸಿದ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಯಾಕೆ ಡಬ್ಬಿ ತಂದೆ ಎಂದು ಅವಳಿಗೆ ಅರ್ಥವಾಗಿತ್ತು. ಅಷ್ಟು ಬುದ್ಧಿ ಇನ್ನೂ ಇತ್ತು, ಅದೇ ಕಷ್ಟ. ಒಂದೇ ಕೈಯಿಂದ ಕ್ಲಿಪ್ಪುಗಳನ್ನೆಲ್ಲ ನೆಲಕ್ಕೆ ಗುಡಿಸಿ, "ಗೆಟ್ ಔಟ್" ಎಂದಳು. ಡಕ್ ಎಂದು ಸೇರಿಸಲಿಲ್ಲ.

ಆಮೇಲೆ ಸುಜಾತ ಪೀಟರನಿಗೆ ಕೆಟಲಿನ ವಿಷಯ ಹೇಳಿದಳು. ತಿಂಗಳೊಳಗೆ ಮನೆ ಖಾಲಿಯಾಯಿತು. ಹೊರಡುವ ದಿನ ಕಾರಿನಲ್ಲಿ ಕೂತವಳು ನಮ್ಮ ಮನೆ ಕಡೆ ಕತ್ತು ತಿರುಗಿಸಲಿಲ್ಲ.

ಹೇಳಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಹೇಳಿದ ರೀತಿ ತಪ್ಪು. ಪೀಟರನನ್ನು ಅಂಗಳಕ್ಕೆ ಕರೆದು, ಕರಗಿದ ಕೆಟಲು ತೋರಿಸಿದ್ದರೆ ಸಾಕಿತ್ತು. ಕಸದ ಡಬ್ಬಿಯ ಹಿಂದೆಯೇ ಇತ್ತು ಅದು. ನಾನು ಮಗನೆದುರು ತಾಯಿಯನ್ನು ಕೂರಿಸಿ ಹಂಚಿಗೆ ಬಡಿದ ಹಾಗೆ ಬಡಿದೆ. ಒಡಕು ಎಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಡಿದೆ.

ನಿನ್ನೆ ಆರು ನೀರುದೋಸೆ ಹುಯ್ದು, ಡಬ್ಬಿಗೆ ಹಾಕಿ, ದಿಯಾಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಚೀಸೂ ಇಟ್ಟುಕೊಂಡಿದ್ದೆ.

ಜೋನಮ್ಮ ಅರ್ಧವಾಗಿದ್ದಾಳೆ. ನನ್ನನ್ನು ನೋಡಿ, "ಹಲೋ, ಡಕ್" ಎಂದಳು. ಗುರುತು ಹಿಡಿದಳು ಎಂದುಕೊಂಡೆ. ಅಷ್ಟರಲ್ಲಿ ನೆಲ ಒರೆಸುವವನಿಗೂ ಡಕ್ ಎಂದಳು, ದಿಯಾಳಿಗೂ ಅಂದಳು. ಒಂದು ದೋಸೆ ತಿಂದು, ಎದ್ದು, ನಡೆಯಲು ಹೊರಟಳು. ದಿನಾ ಹೀಗೇ, ಬೇಕಾದರೆ ಅವಳ ಹಿಂದೆಯೇ ಹೋಗಿ, ಏನೂ ಆಗದು ಎಂದು ನರ್ಸು ದಿಯಾಳಿಗೆ ಹೇಳಿದಳು.

ಉದ್ದ ಪಡಸಾಲೆ, ಎರಡೂ ಕಡೆ ಬಾಗಿಲು. ಜೋನಮ್ಮ ಎಡಗೈಯಿಂದ ಒಂದೊಂದನ್ನೇ ಮುಟ್ಟಿ ಹೆಸರು ಹೇಳುತ್ತಾ ನಡೆದಳು. ಔಷಧಿಯವನು ಮೂರನೆಯವನಾಗಿದ್ದ. ಮಾಂಸದವನು ಎರಡು ಸಲ ಬಂದ. ಜೋಡಿನವನು ಇಲ್ಲವೇ ಇಲ್ಲ. ನನ್ನ ನಾಲಿಗೆ ತುದಿಯಲ್ಲಿ ಹದಿನಾಲ್ಕೂ ಸಾಲಾಗಿ ನಿಂತಿದ್ದವು. ಬಾಯಿ ಬಿಡಲಿಲ್ಲ.

ಕೊನೆಗೊಂದು ಬಾಗಿಲ ಬಳಿ ಅವಳ ಕೈ ನಿಂತಿತು. ಬಟ್ಟೆ ಒಗೆಯುವ ಕೋಣೆ. ಒಳಗೆ ಬಟ್ಟೆ ಒಣಗಿಸುವ ಯಂತ್ರ ಗುಂಯ್‌ಗುಡುತ್ತಿತ್ತು. ಅವಳು ಅಂಗೈಯನ್ನು ಪೂರ್ತಿ ಬಿಚ್ಚಿ ಬಾಗಿಲಿಗೆ ಇಟ್ಟು, ಕಣ್ಣು ಮುಚ್ಚಿ, ನಕ್ಕಳು. ಆಮೇಲೆ ಪಕ್ಕದ ಬಾಗಿಲು ತೆರೆದು ಒಳಗೆ ಹೋದಳು. ಅದು ಬಕೆಟ್ಟು, ಪೊರಕೆ ಇಡುವ ಕೋಣೆ.

"ಅಜ್ಜಿ, ದಟ್ಸ್ ನಾಟ್ ಹರ್ ರೂಮ್. ಟೆಲ್ ಹರ್."

"ಸುಮ್ನಿರು," ಎಂದೆ. ಬೆಚ್ಚಗಿದ್ದ ಬಾಗಿಲಿಗೆ ನಾನೂ ಕೈಯಿಟ್ಟು ನೋಡಿ, ಅವಳ ಹಿಂದೆ ಒಳಗೆ ಹೋದೆ.