ಗೋಡೆಗೆ ಒರಗಿಸಿಟ್ಟ ಸಲಿಕೆ

ಸಿನ್ನೊವ ತನ್ನ ಜೀವಮಾನದಲ್ಲಿ ಕದ್ದದ್ದು ಒಂದೇ ಸಲ, ಅದೂ ಹೆಬ್ಬೆರಳು ಗಾತ್ರದ ಒಂದು ಬೇರು. ಕದ್ದದ್ದಕ್ಕೆ ಅವಳಿಗೆ ಯಾವತ್ತೂ ಬೇಸರವಾಗಲಿಲ್ಲ. ಆಮೇಲೆ ಹೇಳಿದ ಸುಳ್ಳು ಮಾತ್ರ ಮೀನಿನ ಮುಳ್ಳಿನ ಹಾಗೆ ಮೂವತ್ತೇಳು ವರ್ಷ ಗಂಟಲಲ್ಲೇ ನಿಂತಿತ್ತು.

ಅವಳು ಸಮುದ್ರದ ಕಡೆಯವಳು. ಬ್ಯಾರ್ಗನ್ ಪಟ್ಟಣದ ಆಚೆಗಿನ ಒಂದು ಬೋಳು ದ್ವೀಪದಲ್ಲಿ ಹುಟ್ಟಿದವಳು. ೧೯೫೬ರಲ್ಲಿ ಕ್ನೂಟ್‌ನ ಕೈಹಿಡಿದು ವೊಸ್‌ನ ನಮ್ಮ ಕಣಿವೆಗೆ ಬಂದಾಗ ಅವಳಿಗೆ ಇಪ್ಪತ್ತೆರಡು ವರ್ಷ. ಮೀನು ಸೀಳುವುದು ಗೊತ್ತು, ಬಲೆ ಹೊಲಿಯುವುದು ಗೊತ್ತು. ಬಿಯರ್ ವಿಷಯ ಮಾತ್ರ ಏನೇನೂ ಗೊತ್ತಿಲ್ಲ. ಇಲ್ಲಿ ನೋಡಿದರೆ ಮನೆಮನೆಯಲ್ಲೂ ಹಂಡೆ. ಕ್ರಿಸ್‌ಮಸ್ಸಿಗೆ ಮುಂಚೆ ಗಂಡಸರು ಜುನಿಪರ್ ಸೊಪ್ಪು ಹಾಕಿ ನೀರು ಕಾಯಿಸಿ, ಮೊಳಕೆ ಬಾರ್ಲಿಯ ರಸವನ್ನು ಮೂರು ನಾಲ್ಕು ಗಂಟೆ ಕುದಿಸಿ, ಹುದುಗು ಹಾಕುವಾಗ ಪಿಶಾಚಿ ಬಡಿದವರ ಹಾಗೆ ಕಿರುಚುತ್ತಾರೆ. ಕಿರುಚದಿದ್ದರೆ ಬಿಯರ್‌ಗೆ ಕಸುವು ಬರುವುದಿಲ್ಲವಂತೆ. ಹಾಪ್ಸ್ ಬಳ್ಳಿ ಮಾತ್ರ ಹೆಂಗಸರ ಪಾಲು. ಬಿಯರ್‌ಗೆ ಕಹಿ, ಘಮ ಎರಡೂ ಅದರ ಹೂವಿನಿಂದಲೇ ಬರಬೇಕು. ಯಾರ ಮನೆಯ ಗೋಡೆಯ ಮೇಲೆ ಎಂಥ ಬಳ್ಳಿ ಇದೆ ಎನ್ನುವುದರ ಮೇಲೆ ಆ ಮನೆಯ ಮರ್ಯಾದೆ ನಿಂತಿತ್ತು.

ಸಿನ್ನೊವಳ ಗಂಡನ ಮನೆಯ ಬಳ್ಳಿ ಯುದ್ಧದ ಕಾಲದ ಚಳಿಗೆ ಸತ್ತುಹೋಗಿತ್ತು. ತೊರೆಯಾಚೆಯ ಬ್ರಿತಾಳ ಬಳ್ಳಿಯೋ, ಉಗ್ರಾಣದ ದಕ್ಷಿಣದ ಗೋಡೆಯನ್ನು ಹಬ್ಬಿ ಮಾಡಿನ ಮೇಲೆ ಹೋಗಿ ಇನ್ನೆಲ್ಲಿಗೆ ಹೋಗಲಿ ಎಂದು ತಡಕಾಡುತ್ತಿತ್ತು. ಕಾಂಡದ ಮೇಲೆ ಕೆಂಪು ಗೆರೆ, ಕಿರುಬೆರಳಷ್ಟು ಉದ್ದದ ಹೂ. ಬ್ರಿತಾ ಸಿನ್ನೊವಳಿಗಿಂತ ಹನ್ನೆರಡು ವರ್ಷ ದೊಡ್ಡವಳು, ಮಾತು ಒರಟು, ಕೈ ಧಾರಾಳ. ಮೊದಲ ವಸಂತದಲ್ಲೇ ಒಂದು ಬೇರು ಅಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಳು.

ಒಳ್ಳೆಯ ಮನೆತನದ ಹುಡುಗಿ ಸಿನ್ನೊವ, "ತುಂಬಾ ಥ್ಯಾಂಕ್ಸ್" ಅಂದುಬಿಟ್ಟಳು.

ಬ್ರಿತಾಳ ಮುಖ ಕಪ್ಪಿಟ್ಟಿತು. ತಿರುಗಿ ಹೊರಟುಹೋದಳು. ಬಾಗಿಲ ಹಿಂದೆ ನಿಂತಿದ್ದ ಅತ್ತೆ ರಗ್ನಾ ತಲೆಯ ಮೇಲೆ ಕೈಹೊತ್ತಳು.

"ಅಯ್ಯೋ ಪೆದ್ದಿ! ಗಿಡಕ್ಕೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನೇ? ಮುಗೀತು, ಇನ್ನು ಅದು ಹತ್ತಲ್ಲ."

"ಹೇಳದಿದ್ರೆ ತಪ್ಪಾಗಲ್ವಾ ಅತ್ತೆ?"

"ಬಿಯರ್ ಕುಡಿದ್ರೆ ಹೇಳು, ಊಟ ಮಾಡಿದ್ರೆ ಹೇಳು. ಬೇರಿಗೆ ಹೇಳಬಾರದು. ನಿಜ ಹೇಳ್ಬೇಕಂದ್ರೆ ಕೊಟ್ಟಿದ್ದಕ್ಕಿಂತ ಕದ್ದಿದ್ದೇ ಚೆನ್ನಾಗಿ ಹತ್ತೋದು. ಆದ್ರೆ ಕದಿಯೋದನ್ನ ಆ ಮನೆಯವರು ನೋಡಬಾರದು, ನೋಡಿದ್ರೆ ಒಣಗಿಹೋಗತ್ತೆ."

ಬೇರು ಹತ್ತಲಿಲ್ಲ. ನನ್ನನ್ನು ಕೇಳಿದರೆ, ಅದನ್ನು ನೆಟ್ಟದ್ದು ಮಾಡಿನ ನೀರು ಬೀಳುವ ಜೌಗಿನಲ್ಲಿ. ದೇವರೇ ಕೊಟ್ಟಿದ್ದರೂ ಕೊಳೆಯುತ್ತಿತ್ತು. ಆದರೆ ನಮ್ಮ ಕಣಿವೆಯಲ್ಲಿ ಅಂಥ ಮಾತು ಯಾರಿಗೆ ಬೇಕು? ಸಿನ್ನೊವಳ ಥ್ಯಾಂಕ್ಸಿಗೇ ಬಳ್ಳಿ ಸತ್ತಿತೆಂದು ತೀರ್ಮಾನವಾಯಿತು.

ಮರುವರ್ಷ ಮೇ ತಿಂಗಳ ಒಂದು ಬೆಳಿಗ್ಗೆ ಸಿನ್ನೊವ ಹಾಲಿನ ಕ್ಯಾನ್ ಹಿಡಿದು ಬ್ರಿತಾಳ ಅಂಗಳ ದಾಟುತ್ತಿದ್ದಳು. ಉಗ್ರಾಣದ ಹತ್ತಿರ ಯಾರೂ ಇರಲಿಲ್ಲ. ಬಳ್ಳಿಯ ಬುಡದ ಮಣ್ಣು ಸಡಿಲವಾಗಿತ್ತು. ಗೋಡೆಗೆ ಒಂದು ಸಲಿಕೆ ಒರಗಿತ್ತು. ಕ್ಯಾನ್ ಕೆಳಗಿಟ್ಟು ಸಲಿಕೆ ಎತ್ತಿಕೊಂಡಳು. ಬೇರು ಕತ್ತರಿಸಿ ಏಪ್ರನ್ನಿನ ಒಳಗೆ ಮುಚ್ಚಿಟ್ಟುಕೊಂಡು ಮನೆಗೆ ಓಡಿದಳು. ಈ ಸಲ ಬಿಸಿಲಿನ ಕಡೆಯ ಒಣ ಜಾಗದಲ್ಲಿ ನೆಟ್ಟಳು. ಮೂರನೆಯ ಬೇಸಿಗೆಗೆ ಬಳ್ಳಿ ಕಿಟಕಿಯನ್ನು ಮುಚ್ಚಿತು.

ಡಿಸೆಂಬರ್ ಇಪ್ಪತ್ತೊಂದು ತೋಮಸ್ ದಿನ. ಅಷ್ಟು ಹೊತ್ತಿಗೆ ಎಲ್ಲರ ಬಿಯರ್ ತಯಾರಾಗಿರಬೇಕು. ಊರವರು ಮನೆಯಿಂದ ಮನೆಗೆ ಹೋಗಿ ರುಚಿ ನೋಡುತ್ತಾರೆ. ಆ ವರ್ಷ ಬ್ರಿತಾಳ ಗಂಡ ಎಂಡ್ರೆ ಸಿನ್ನೊವಳ ಮನೆಯ ಮರದ ಬೋಗುಣಿಯಿಂದ ಒಂದು ಗುಟುಕು ಕುಡಿದು, ಮೀಸೆ ಒರೆಸಿಕೊಂಡು, "ಆಹಾ! ಎಲ್ಲಿಂದ ಬಂತಮ್ಮಾ ಈ ಹಾಪ್ಸು?" ಅಂದ.

ಇದಕ್ಕೆ ನಮ್ಮಲ್ಲಿ ಒಂದು ಉತ್ತರವಿದೆ. "ಹಕ್ಕಿ ತಂದು ಹಾಕಿತು" ಅನ್ನಬೇಕು. ಎಲ್ಲರೂ ನಗುತ್ತಾರೆ, ಇನ್ನೊಂದು ಗುಟುಕು ಕುಡಿಯುತ್ತಾರೆ, ಅಲ್ಲಿಗೆ ಮುಗಿಯಿತು. ಹೊರಗಿನಿಂದ ಬಂದ ಹುಡುಗಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ನಮ್ಮ ಸಿನ್ನೊವ. "ಅಮ್ಮನ ಮನೆಯದು," ಅಂದಳು. ಸಾಲದ್ದಕ್ಕೆ, "ಅಂಚೆ ದೋಣೀಲಿ ಕಳಿಸಿದ್ರು" ಅಂತಲೂ ಸೇರಿಸಿದಳು.

ಯಾರೂ ನಗಲಿಲ್ಲ. ಬ್ರಿತಾ ಬೋಗುಣಿಯೊಳಗೆ ನೋಡುತ್ತಾ, "ಒಳ್ಳೇ ಅಮ್ಮ," ಅಂದಳು.

ಅದಾದ ಮೇಲೂ ಇಬ್ಬರ ಸ್ನೇಹ ಕೆಡಲಿಲ್ಲ. ಅರವತ್ತರ ದಶಕದ ಆ ಸೆಪ್ಟೆಂಬರುಗಳನ್ನು ಸಿನ್ನೊವ ಮುದುಕಿಯಾದ ಮೇಲೂ ನೆನೆಸಿಕೊಳ್ಳುತ್ತಿದ್ದಳು. ಒಂದು ದಿನ ಬ್ರಿತಾಳ ಮೆಟ್ಟಿಲ ಮೇಲೆ, ಮರುದಿನ ಇವಳ ಮೆಟ್ಟಿಲ ಮೇಲೆ, ಕೊಯ್ದ ಬಳ್ಳಿಗಳನ್ನು ಮಡಿಲ ಮೇಲೆ ಎಳೆದುಕೊಂಡು ಹೂ ಬಿಡಿಸುವುದು. ಹಳದಿ ಪುಡಿ ಅಂಟಿ ಬೆರಳು ಕಪ್ಪಾಗುತ್ತಿತ್ತು, ಮೊಣಕೈ ತುರಿಸುತ್ತಿತ್ತು, ಆ ವಾಸನೆಗೆ ಮಧ್ಯಾಹ್ನವೇ ಕಣ್ಣು ಎಳೆಯುತ್ತಿತ್ತು. ಕಾಫಿ, ಕಂದು ಚೀಸ್ ಹಚ್ಚಿದ ಚಪ್ಪಟೆ ರೊಟ್ಟಿ, ಊರಿನವರ ಸುದ್ದಿ. ಎರಡೂ ಮನೆಯ ಹೂ ಒಂದೇ ತರಹ ಉದ್ದ, ಕಾಂಡದ ಮೇಲೆ ಅದೇ ಕೆಂಪು ಗೆರೆ. ಬ್ರಿತಾಳ ಬೆರಳಿಗೆ ಅದು ಗೊತ್ತಾಗದೆ ಇರುತ್ತದೆಯೇ? ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸಿನ್ನೊವ ತಲೆ ತಗ್ಗಿಸಿ ಹೂ ಕೀಳುತ್ತಿದ್ದಳು. ಆದರೂ ಅಷ್ಟು ಸುಖದ ದಿನಗಳು ಅವಳಿಗೆ ಆಮೇಲೆ ಸಿಗಲಿಲ್ಲ.

೧೯೭೪ರಲ್ಲಿ ಎಂಡ್ರೆ ಟ್ರ್ಯಾಕ್ಟರ್ ಕೊಂಡ. ಟ್ರ್ಯಾಕ್ಟರಿಗೆ ಶೆಡ್ ಬೇಕಾಯಿತು. ಬ್ರಿತಾ ತಂಗಿಯ ಮನೆಗೆ ಹೋಗಿದ್ದ ಎರಡು ದಿನದಲ್ಲಿ ಆ ಮಹಾರಾಯ ಉಗ್ರಾಣದ ಪಕ್ಕದ ನೆಲವನ್ನು ಬಳ್ಳಿಯ ಬುಡಸಮೇತ ಅಗೆದು ಕಾಂಕ್ರೀಟ್ ಸುರಿಸಿದ. ಬ್ರಿತಾ ಮರಳಿ ಬಂದು ನೋಡಿದವಳು ಗಂಡನ ಜೊತೆ ಒಂದು ತಿಂಗಳು ಮಾತಾಡಲಿಲ್ಲ.

ಸಿನ್ನೊವ ಅವತ್ತೇ ಒಂದು ಬೇರು ಅಗೆದು ಒಯ್ಯಬೇಕಿತ್ತು. ಒಯ್ಯಲು ಹೊರಟಳು ಕೂಡ. ಆದರೆ ಬ್ರಿತಾಳದೇ ಬಳ್ಳಿಯನ್ನು ಅಮ್ಮನ ಮನೆಯದೆಂದು ಬ್ರಿತಾಳ ಕೈಗೇ ಇಡುವುದಕ್ಕೆ ಮುಖ ಬೇಕಲ್ಲ? ನಿಜ ಹೇಳೋಣವೆಂದರೆ ಹದಿನೈದು ವರ್ಷದ ಸುಳ್ಳು. ಈ ವರ್ಷ ಬೇಡ, ಬರುವ ವರ್ಷ ಅಂದುಕೊಂಡಳು. ಹಾಗೆ ಅಂದುಕೊಂಡೇ ಇಪ್ಪತ್ತೆರಡು ವರ್ಷ ಕಳೆದವು.

೧೯೯೬ರ ಏಪ್ರಿಲ್‌ನಲ್ಲಿ ದಿನಸಿ ಅಂಗಡಿಯ ಬೋರ್ಡಿನ ಮೇಲೆ ಒಂದು ಚೀಟಿ ಅಂಟಿತ್ತು. 'ತಾಮ್ರದ ಹಂಡೆ ಮಾರಾಟಕ್ಕಿದೆ.' ಕೆಳಗೆ ಎಂಡ್ರೆಯ ಹೆಸರು. ಸಿನ್ನೊವ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಕೊಳ್ಳಬೇಕಾದ್ದನ್ನು ಮರೆತು, ನೇರ ಬ್ರಿತಾಳ ಅಡುಗೆಮನೆಗೆ ಹೋದಳು.

"ಇದೇನೇ ಇದು?"

"ಓದಕ್ ಬರಲ್ವಾ? ಹಂಡೆ ಮಾರ್ತಿದೀವಿ," ಅಂದಳು ಬ್ರಿತಾ. ಅವಳಿಗಾಗ ಎಪ್ಪತ್ತನಾಲ್ಕು. ಮಂಡಿ ಸೋತಿತ್ತು, ಕೋಲಿಲ್ಲದೆ ಏಳುವಂತಿರಲಿಲ್ಲ. "ಅಂಗಡಿ ಹಾಪ್ಸ್ ಹಾಕಿದ ಬಿಯರ್ ಕುಡಿದೂ ಕುಡಿದೂ ಸಾಕಾಗಿದೆ. ಸೋಪಿನ ನೀರು. ಅದಕ್ಕೆ ಅಷ್ಟು ಸೌದೆ ಯಾಕೆ ಸುಡಬೇಕು?"

ಹಂಡೆ ಹೋದರೆ ಆ ಮನೆಯ ಬಿಯರ್ ಹೋದ ಹಾಗೆಯೇ. ಇನ್ನು ತೋಮಸ್ ದಿನ ತೊರೆ ದಾಟಿ ಹೋಗಲು ಮನೆಯೇ ಇರುವುದಿಲ್ಲ. ಸಿನ್ನೊವ ಕುರ್ಚಿಯ ಮೇಲೆ ಕುಸಿದಳು.

"ಬ್ರಿತಾ, ನನ್ನ ಬಳ್ಳಿ ಇದೆಯಲ್ಲ, ಅದು ಅಮ್ಮನ ಮನೇದಲ್ಲ."

"ಹೌದಾ?" ಬ್ರಿತಾ ಕಾಫಿ ಬಗ್ಗಿಸಿದಳು. "ನಿಮ್ಮ ದ್ವೀಪದಲ್ಲಿ ಗಾಳಿಗೆ ಹೆದರಿ ಎಲೆಕೋಸೂ ನೆಲ ಕಚ್ಕೊಂಡಿರತ್ತೆ. ಅಲ್ಲಿ ಹಾಪ್ಸ್ ಹಬ್ಬಿತ್ತು ಅಂತ ಈ ಊರಲ್ಲಿ ನಂಬಿದೋರು ಯಾರು?"

"ಅಂದ್ರೆ... ನಿನಗೆ ಗೊತ್ತಿತ್ತಾ?"

"ಸಲಿಕೆ ತಾನಾಗೇ ನಡ್ಕೊಂಡು ಬಂದು ಗೋಡೆಗೆ ಒರಗತ್ತೇನೇ ಹುಡುಗಿ? ಮಣ್ಣು ತಾನಾಗೇ ಸಡಿಲ ಆಗತ್ತಾ? ಕೊಟ್ಟಿದ್ದನ್ನ ನೀನು ಥ್ಯಾಂಕ್ಸ್ ಹೇಳಿ ಸಾಯ್ಸಿದ್ದೆ. ಇನ್ನೊಂದ್ಸಲ ಕೊಡೋ ಹಾಗಿರಲಿಲ್ಲ. ನಾನೇ ಸಲಿಕೆ ಇಟ್ಟು, ಒಳಗೆ ಹೋಗಿ, ಕಿಟಕಿಗೆ ಬೆನ್ನು ಹಾಕ್ಕೊಂಡು ಕೂತೆ. ಒಂದು ವಾರ ಕೂತೆ! ಕದಿಯಕ್ಕೂ ಅಷ್ಟು ತಡ ಮಾಡ್ದೋಳು ನೀನು."

ಅರವತ್ತೆರಡು ವರ್ಷದ ಸಿನ್ನೊವ ಚಿಕ್ಕ ಹುಡುಗಿಯ ಹಾಗೆ ಅತ್ತಳು. "ಮತ್ತೆ ನಿಂದು ಹೋದಾಗ ಬಾಯಿ ಬಿಟ್ಟು ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀನು ಕೊಡ್ತಿದ್ದೆ. ಕೊಟ್ಟಿದ್ದು ಹತ್ತತ್ತಾ?" ಬ್ರಿತಾ ಸಕ್ಕರೆಯ ತುಂಡನ್ನು ಕಾಫಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. "ಪ್ರತಿ ವರ್ಷ ಮೇ ತಿಂಗಳು ನಿಮ್ಮನೆ ಮುಂದೆ ಹೋಗ್ತಾ ಗೋಡೆ ಕಡೆ ನೋಡ್ತಿದ್ದೆ. ಬಳ್ಳಿ ಇರ್ತಿತ್ತು, ಸಲಿಕೆ ಇರ್ತಿರಲಿಲ್ಲ. ನೀನು ಬಲು ಅಚ್ಚುಕಟ್ಟು ಹೆಂಗಸು ಸಿನ್ನೊವ. ಎಲ್ಲಾನೂ ಒಳಗೇ ಇಡ್ತೀಯ."

ಇಪ್ಪತ್ತೆರಡು ಮೇ ತಿಂಗಳು ಈ ಹೆಂಗಸು ಖಾಲಿ ಗೋಡೆ ನೋಡಿಕೊಂಡು ಹಾಗೇ ನಡೆದುಹೋಗಿದ್ದಳು!

ಮಂಜು ಕರಗಿ ಮೊಳಕೆ ಕಂಡ ವಾರ ಸಿನ್ನೊವ ಬಳ್ಳಿಯ ಬುಡವನ್ನು ಚೆನ್ನಾಗಿ ಸಡಿಲಿಸಿ, ಕಲ್ಲು ಆರಿಸಿ ತೆಗೆದು, ಹಗುರವಾದ ಸಲಿಕೆಯನ್ನೇ ಹುಡುಕಿ ಗೋಡೆಗೆ ಒರಗಿಸಿದಳು. ಒಳಗೆ ಬಂದು ಕಿಟಕಿಗೆ ಬೆನ್ನು ಹಾಕಿ ಹೆಣಿಗೆ ಹಿಡಿದು ಕೂತಳು. ಕ್ನೂಟ್‌ನನ್ನೂ ಹಾಗೆಯೇ ಪಕ್ಕದಲ್ಲಿ ಕೂರಿಸಿಕೊಂಡಳು. ಮೂರನೆಯ ಬೆಳಿಗ್ಗೆ ಅಂಗಳದಲ್ಲಿ ಕೋಲಿನ ಸದ್ದು ಕೇಳಿತು.

ಟಕ್ ಟಕ್ ಎಂದು ಬಂದ ಸದ್ದು ನಿಂತಿತು. ಸಲಿಕೆ ಮಣ್ಣಿಗೆ ತಾಗಿತು. ಆಮೇಲೆ ಬಹಳ ಹೊತ್ತು ಏದುಸಿರು ಮಾತ್ರ. ಮತ್ತೆ ಸಲಿಕೆ. ಏನೋ ದಡಾರನೆ ಬಿತ್ತು.

"ಬಿದ್ದೇಬಿಟ್ಳೇನೋ!" ಕ್ನೂಟ್ ಅರ್ಧ ಎದ್ದ.

"ಕೂತ್ಕೋ. ಬಿದ್ದಿದ್ದು ಸಲಿಕೆ. ಬೈತಿದಾಳೆ, ಕೇಳಿಸ್ತಿಲ್ವಾ?"

"ಪಾಪ ಕಣೇ, ಎರಡು ನಿಮಿಷದ ಕೆಲಸ. ನಾನು ಹೋಗಿ ಅಗೆದು ಕೊಟ್ಟು ಬರ್ತೀನಿ."

"ತಿರುಗಿ ನೋಡಿದ್ರೆ ಇವತ್ತು ನಿನಗೆ ಊಟ ಇಲ್ಲ."

ಅವಳ ಕಣ್ಣಿಂದ ನೀರು ಹೆಣಿಗೆಯ ಮೇಲೆ ಬೀಳುತ್ತಿತ್ತು. ಹೋಗಿ ಆ ಮುದುಕಿಯ ತೋಳು ಹಿಡಿಯಬೇಕೆಂದು ಜೀವ ಕಿತ್ತುಕೊಂಡು ಬರುತ್ತಿತ್ತು. ಹಾಗೇ ಕೂತಿದ್ದಳು. ಸುಮಾರು ಒಂದು ಗಂಟೆಯಾದ ಮೇಲೆ ಕೋಲಿನ ಸದ್ದು ತೊರೆಯ ಕಡೆಗೆ ಹೋಯಿತು. ಹೊರಗೆ ಹೋಗಿ ನೋಡಿದರೆ ಬುಡದಲ್ಲಿ ಒಂದು ಗುಂಡಿ. ಸಲಿಕೆ ಮೊದಲಿದ್ದ ಜಾಗದಲ್ಲೇ ಒರಗಿತ್ತು.

ಹಂಡೆಯನ್ನು ಮಾರಲಿಲ್ಲ. ಬಳ್ಳಿ ಹತ್ತಿತು. ಮೂರನೆಯ ಚಳಿಗಾಲ, ತೋಮಸ್ ದಿನ, ಎಂಡ್ರೆ ಬೋಗುಣಿಯನ್ನು ಮೊದಲು ಸಿನ್ನೊವಳ ಕೈಗೇ ಕೊಟ್ಟ. ಅವಳು ಕುಡಿದು, ಗಂಟಲು ಸರಿಮಾಡಿಕೊಂಡು, "ಎಲ್ಲಿಂದ ಬಂತು ಬ್ರಿತಾ ಈ ಹಾಪ್ಸು?" ಅಂದಳು.

"ಹಕ್ಕಿ ತಂದು ಹಾಕಿತು," ಅಂದಳು ಬ್ರಿತಾ. ಮನೆಯೆಲ್ಲ ನಕ್ಕಿತು.

ಜನವರಿಯಲ್ಲಿ ಬ್ರಿತಾ ತೀರಿಕೊಂಡಳು. ಪೀಪಾಯಿಯಲ್ಲಿ ಉಳಿದಿದ್ದ ಅದೇ ಬಿಯರನ್ನು ಅವಳ ಮಣ್ಣಿಗೆ ಬಂದವರಿಗೆಲ್ಲ ಕೊಟ್ಟರು. ಅದಕ್ಕೂ ಮುಂಚೆ ಸಿನ್ನೊವ ಹೂವಿನ ಅಂಗಡಿಗೆ ಹೋಗಿದ್ದಳು. ಅಂಗಡಿಯವಳು ಹೂಚಕ್ರಕ್ಕೆ ಬಿಳಿ ರಿಬ್ಬನ್ ಕತ್ತರಿಸಿ, ಎಲ್ಲರಿಗೂ ಬರೆಯುವ ಹಾಗೆ 'ಎಲ್ಲದಕ್ಕೂ ಥ್ಯಾಂಕ್ಸ್' ಎಂದು ಬರೆಯಲು ಪೆನ್ನು ಎತ್ತಿಕೊಂಡಳು.

"ಬೇಡ, ಬೇಡ!" ಸಿನ್ನೊವ ಅವಳ ಕೈ ಹಿಡಿದುಕೊಂಡಳು. "ಅದೊಂದು ಬರೀಬೇಡ. ನನ್ನ ಹೆಸರಷ್ಟೇ ಸಾಕು."

"ಅವರು ನಿಮಗೆ ಅಷ್ಟು ಬೇಕಾದೋರು ಅಂತಿದ್ರಲ್ಲ?"

"ಬೇಕಾದೋಳೇ," ಅಂದಳು ಸಿನ್ನೊವ, ಮೂಗು ಒರೆಸಿಕೊಳ್ಳುತ್ತಾ. "ಅವಳ ಬಳ್ಳಿ ಇನ್ನೂ ಎಳೇದು."