ಮನೆಯೊಳಗಷ್ಟೇ ಸಿಕ್ಕ ಹೆಸರು

ಎಂಟರ್ ಒತ್ತುವ ಮುನ್ನ ಅವರು ಬಲಗೈಯ ತೋರುಬೆರಳನ್ನು ಕಿವಿಯ ಎತ್ತರಕ್ಕೆ ಒಯ್ದು, ಕ್ಷಣಕಾಲ ನಿಲ್ಲಿಸಿ, ಆಮೇಲೆ ಇಳಿಸುತ್ತಿದ್ದರು. ಆ ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಕೋಟದಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ ಅವರನ್ನು ಎಲ್ಲರೂ ಮಾಷ್ಟ್ರು ಎನ್ನುತ್ತಿದ್ದೆವು. ನನಗಿಂತ ಹದಿನೆಂಟು ವರ್ಷ ಕಿರಿಯರು. ಆದರೂ ನನ್ನ ಗುರುಗಳು. ಇದನ್ನು ಮೊದಲೇ ಒಪ್ಪಿಕೊಂಡು ಮುಂದಿನದನ್ನು ಬರೆಯುತ್ತೇನೆ.

ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತನಾದ ಮೇಲೆ ನಾನು ಬ್ರಹ್ಮಾವರದಿಂದ ಬೈಂದೂರಿನವರೆಗೆ ಬಸ್ಸಿನಲ್ಲಿ ತಿರುಗಿ, ರಕ್ತ ಕೊಡಲು ಒಪ್ಪಿದವರ ಹೆಸರು, ಗುಂಪು, ನಂಬರು ಬರೆದುಕೊಂಡಿದ್ದೆ. ಮುನ್ನೂರ ಹನ್ನೆರಡು ಮಂದಿ. ಅಗತ್ಯವಿದ್ದವರು ಯಾವ ಹೊತ್ತಿಗಾದರೂ ಮೊಬೈಲಿನಲ್ಲೇ ನೋಡಿಕೊಳ್ಳುವಂತೆ ಮಾಡುತ್ತೇನೆಂದು ಒಬ್ಬೊಬ್ಬರಿಗೂ ಮಾತು ಕೊಟ್ಟಿದ್ದೆ. ಆ ಜಾಲತಾಣ ಕಟ್ಟಲು ಕಲಿಸಿದವರು ಮಾಷ್ಟ್ರು.

೨೦೧೫ರ ಸುಮಾರಿಗೆ ಅವರು ನನ್ನ ಮನೆಯ ಕಂಪ್ಯೂಟರಿನಲ್ಲಿ ಕಂಟೈನರ್ ಒಂದನ್ನು ಕೂರಿಸಿದರು. ಯಂತ್ರದೊಳಗೊಂದು ಮುಚ್ಚಿದ ಪೆಟ್ಟಿಗೆ. ಅದರಲ್ಲಿ ಏನು ಕೆಟ್ಟರೂ ಉಳಿದದ್ದಕ್ಕೆ ತಾಗದು. ಪೆಟ್ಟಿಗೆಯಲ್ಲಿ ಡಿಎನ್‌ಎಸ್ ಸರ್ವರ್. "ನಿಮ್ಗ್ ಹೇಳ್ಕೊಡುದ್ ಎಂತ ಇತ್? ನೀವ್ ಎಕ್ಸ್‌ಚೇಂಜಗೆ ಮಾಡ್ದ್ ಕೆಲ್ಸವೇ ಅಲ್ದಾ" ಎಂದರು. ನಿಜ: ಹೆಸರು ಹೇಳಿದರೆ ನಂಬರು ಹುಡುಕಿ ಸಂಪರ್ಕ ಕೊಡುವ ಕೆಲಸ. ತಾಣ ಪ್ರಯೋಗದಲ್ಲಿರುವಾಗ ಅದರ ಹೆಸರು ಕೇಳಿದರೆ ಈ ಪೆಟ್ಟಿಗೆ ನಮ್ಮದೇ ಯಂತ್ರವನ್ನು ತೋರಿಸುತ್ತದೆ. ಹೊರಗಿನವರಿಗೆ ಅದು ತಿಳಿಯದು. "ಮೊದ್ಲ್ ಪೆಟ್ಗಿ ಒಳ್ಗ್, ಕಡಿಕ್ ಹೊರ್ಗ್. ಕ್ರಮ ತಪ್ಪುಕಾಗ" ಎಂದು ದಿನಕ್ಕೊಮ್ಮೆ ಹೇಳುತ್ತಿದ್ದರು.

ತಾಣವನ್ನು ಎಲ್ಲರ ಮೊಬೈಲಿಗೂ ಸಿಗುವಂತೆ ಹೊರಗಿಡುವ ಕೆಲಸವನ್ನು ಅವರೇ ವಹಿಸಿಕೊಂಡರು. ಯುವಕ ಸಂಘದ ವೇದಿಕೆಯಲ್ಲಿ ಉದ್ಘಾಟನೆ. ಅವರ ಲ್ಯಾಪ್‌ಟಾಪಿನಲ್ಲಿ ಹೆಸರು ಬೆರಳಚ್ಚಿಸಿದವರು ಅವರು, ಎಂಟರ್ ಒತ್ತಿದವನು ನಾನು. ಪರದೆ ತುಂಬ ಪಟ್ಟಿ ಬಂತು. ಅವರಿಗೆ ಶಾಲು ಹೊದೆಸಿದರು. ನನಗೆ ಹೊದೆಸಲಿಲ್ಲ, ಅದು ಬೇರೆ ಮಾತು.

ಆಗ ನನ್ನದು ಗುಂಡಿ ಒತ್ತುವ ಮೊಬೈಲು. ಹಾಗಾಗಿ ದಿನವೂ ಬೆಳಿಗ್ಗೆ ಕಂಪ್ಯೂಟರಿನಲ್ಲೇ ತಾಣ ತೆರೆದು ನೋಡುತ್ತಿದ್ದೆ. "ಹೊರಗೂ ಸಮ ಇತ್ತಲ್ದಾ?" ಎಂದು ಎರಡು ಸಲ ಕೇಳಿದ್ದೆ. "ನಿಮ್ ಎದ್ರಗೇ ಕಾಂತಲೆ ಮಾರಾಯ್ರೆ" ಎಂದು, ಎದುರಿಗೇ ಕಾಣುವಾಗ ಸಂಶಯವೇಕೆಂಬಂತೆ ಎರಡು ಸಲವೂ ನಕ್ಕಿದ್ದರು.

ನಾಲ್ಕು ತಿಂಗಳು ಯಾರಿಂದಲೂ ದೂರು ಬರಲಿಲ್ಲ. ಆಮೇಲೆ ಕುಂಭಾಶಿಯ ಮೀನು ಮಾರುವ ಹೆಂಗಸೊಬ್ಬರು ಫೋನ್ ಮಾಡಿದರು. ಸೊಸೆ ಹೆರಿಗೆಯಾಗಿ ಕುಂದಾಪುರದ ಆಸ್ಪತ್ರೆಯಲ್ಲಿದ್ದಳು, ರಕ್ತ ನಿಲ್ಲುತ್ತಿರಲಿಲ್ಲ, ಒ ನೆಗೆಟಿವ್ ಬೇಕಿತ್ತು. "ಹ್ವಾಯ್, ನೀವ್ ಹೇಳಿದ್ ಹೆಸ್ರ್ ನಾಲ್ಕ್ ಮೊಬೈಲಗ್ ಹಾಕಿ ಕಂಡ್ರೂ ಎಂತದೂ ಬತ್ತಿಲ್ಲೆ."

"ಸಮ ಹಾಕಿ ಕಾಣಿ. ನನ್ ಎದ್ರಗೇ ಕಾಂತಾ ಇತ್ತಲೆ" ಎಂದು ಗದರಿದೆ.

"ನಿಮ್ ಎದ್ರಗ್ ಕಂಡ್ರೆ ನನ್ ಸೊಸಿಗ್ ಎಂತ ಆತ್?"

ಪರದೆ ನೋಡಿ ನಾನೇ ಫೋನ್ ಮಾಡಿದೆ. ಒ ನೆಗೆಟಿವ್ ಇದ್ದವರು ಮೂವರು, ಇಬ್ಬರು ಊರಲ್ಲಿರಲಿಲ್ಲ. ಮೂರನೆಯವರು ಮಾಷ್ಟ್ರು. ತರಗತಿ ನಿಲ್ಲಿಸಿ ಆಸ್ಪತ್ರೆಗೆ ಹೊರಟರು. ನಾನೂ ಬಸ್ಸು ಹತ್ತಿದೆ. ದಾರಿಯಲ್ಲಿ ಹೊಳೆಯಿತು: ನನ್ನ ಯಂತ್ರ ಇಷ್ಟು ದಿನ ಹೆಸರು ವಿಚಾರಿಸಿದ್ದು ತನ್ನೊಳಗಿನ ಪೆಟ್ಟಿಗೆಯನ್ನು. ವೇದಿಕೆಯ ಲ್ಯಾಪ್‌ಟಾಪಿನಲ್ಲೂ ಅಂಥದೇ ಪೆಟ್ಟಿಗೆ ಇದ್ದಿರಬೇಕು.

ಆಸ್ಪತ್ರೆಯಲ್ಲಿ ಮಾಷ್ಟ್ರು ತೋಳು ಚಾಚಿ ಮಲಗಿದ್ದರು. ಸೂಜಿ ಇನ್ನೂ ತೆಗೆದಿರಲಿಲ್ಲ.

"ಹೊರ್ಗ್ ಹಾಕಿರ್ಲಿಲ್ಯಾ?"

"ಇಲ್ಲೆ."

"ನನ್ ಕೈಯಗ್ ಒತ್ತಿಸಿದ್ರಿ."

"ಅವತ್ತಿಗ್ ಕೆಲ್ಸ ಮುಗೀಲಿಲ್ಲೆ. ನಿಮ್ ಮುಖ ಕಂಡ್ ಹೇಳುಕ್ ಆಯ್ಲಿಲ್ಲೆ. ಮರ್ದಿನ ಹಾಕ್ವ ಅಂದ್ಕಂಡೆ, ಆಗ್ಳೂ ಸಮ ಆಯ್ಲಿಲ್ಲೆ. ಶಾಲ್ ಹೊದ್ಕಂಡ್ ಮೇಲೆ ಹೇಳುದ್ ಇನ್ನೂ ಕಷ್ಟ ಆಯ್ತ್."

ಸೊಸೆ ಉಳಿದಳು, ಅವರ ರಕ್ತದಿಂದಲೇ. ಅದನ್ನು ಮರೆತಿಲ್ಲ. ಶಾಲು ಹೊದ್ದು ಸಭೆಗೆ ಕೈಮುಗಿದದ್ದನ್ನೂ ಮರೆತಿಲ್ಲ. ಮತ್ತೆ ಅವರ ಮೆಟ್ಟಿಲು ತುಳಿಯಲಿಲ್ಲ. ಹೊರಗಿಡುವುದನ್ನು ಪುಸ್ತಕ ನೋಡಿ ಕಲಿತೆ. ಅವರೊಬ್ಬರನ್ನು ಬಿಟ್ಟು ಉಳಿದ ಮುನ್ನೂರ ಹನ್ನೊಂದು ಮಂದಿಗೂ ಫೋನ್ ಮಾಡಿ, ನಾನು ಮಾಡದ ತಪ್ಪಿಗೆ ಕ್ಷಮೆ ಕೇಳಿದೆ.

ಮೂರು ವರ್ಷದ ಮೇಲೆ ಅವರು ಹೃದಯಾಘಾತದಿಂದ ತೀರಿಕೊಂಡರು. ಪಟ್ಟಿಯಿಂದ ಹೆಸರು ತೆಗೆಯಬೇಕಾಯಿತು. ಮೊದಲು ಪೆಟ್ಟಿಗೆಯೊಳಗೆ ತೆಗೆದು ನೋಡಿದೆ, ಆಮೇಲೆ ಹೊರಗೆ. ಕ್ರಮ ತಪ್ಪಿಸಲಿಲ್ಲ. ಎಂಟರ್ ಒತ್ತುವಾಗ ನನ್ನ ಬೆರಳೂ ಕಿವಿಯ ಬಳಿ ನಿಂತಿತ್ತು. ಬಳಿಕ ಪಕ್ಕದ ಮನೆಗೆ ಹೋಗಿ, ಅಲ್ಲಿಯವರ ಮೊಬೈಲಿನಲ್ಲಿ ತಾಣ ತೆರೆಸಿದೆ. ಒ ನೆಗೆಟಿವ್ ಎಂಬಲ್ಲಿ ಎರಡೇ ಹೆಸರಿದ್ದವು.