ಏಳು ಕಾಲಿನ ಜೇಡ

ಕಳೆದ ಶುಕ್ರವಾರ ಬೆಳಿಗ್ಗೆ ನಾನು ಪಕ್ಕದ ಮನೆಯಿಂದ ಒಂದು ಜೇಡ ಕಡ ತಂದೆ.

ನಗಬೇಡಿ ಮಕ್ಕಳೇ. ಅಂಗಡಿಯವನಿಗೆ ಒಂದು ಸಲ ಹೇಳಿದ್ದು ಕೇಳಿಸದಿದ್ದರೆ ಉಪ್ಪಿಲ್ಲದೆಯೇ ಮನೆಗೆ ಬರುವವಳು ನಾನು. ಅಷ್ಟು ನಾಚಿಕೆ. ಅಂಥವಳು ಉಪ್ಪಿನಕಾಯಿಯ ಖಾಲಿ ಬಾಟಲಿ ಹಿಡಿದು ಬೇಲಿ ದಾಟಬೇಕಾದರೆ ಸಂಗತಿ ಸಣ್ಣದಿರುತ್ತದೆಯೇ?

ನಿಮ್ಮ ತಂಗಿ ಧನ್ಯ (ನಾಲ್ಕನೇ ಕ್ಲಾಸು, ಬಾಯಿ ಮಾತ್ರ ಹತ್ತನೆಯದು) ಶಾಲೆಗೆ ಪ್ರಾಜೆಕ್ಟ್ ಮಾಡುತ್ತಿದ್ದಳು. ಒಂದೇ ಜೀವಿಯನ್ನು ಏಳು ದಿನ ನೋಡಿ ದಿನಕ್ಕೊಂದು ಚಿತ್ರ ಬಿಡಿಸಬೇಕು. ಬೆಕ್ಕು, ಕೋಳಿ ಎಲ್ಲ ಬಿಟ್ಟು ಅವಳು ಆರಿಸಿದ್ದು ದಾಸವಾಳಕ್ಕೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ ಬಲೆ ಕಟ್ಟಿದ್ದ ಜೇಡವನ್ನು. ಹಳದಿ ಪಟ್ಟೆಯ ಹೊಟ್ಟೆ. ಬಲೆಯ ಮಧ್ಯೆ ಬಿಳಿ ನೂಲಿನ ಇಂಟು ಗುರುತು. ಅದರ ಮೇಲೆ ಕಾಲುಗಳನ್ನು ಜೋಡಿ ಜೋಡಿಯಾಗಿ ಚಾಚಿ ತಲೆಕೆಳಗಾಗಿ ಕೂರುವ ಠೀವಿ! ಸಿಕ್ಕಿದ ನೊಣಕ್ಕೆ ಅದು ನೂಲು ಸುತ್ತುವುದನ್ನು ನೋಡಬೇಕು. ಮೂವತ್ತು ವರ್ಷ ಬೀಡಿ ಕಟ್ಟಿದ ನನ್ನ ಕೈಗೂ ಅಷ್ಟು ಬಿಗಿ ಬಂದಿಲ್ಲ.

ಸೋಮವಾರದ ಚಿತ್ರದಲ್ಲಿ ಜೇಡಕ್ಕೆ ಏಳೇ ಕಾಲು.

"ಎಂಟು ಇರಬೇಕು ಮಗಳೇ. ಐದನೇ ಕ್ಲಾಸು ಕಲಿತ ನನಗೂ ಅಷ್ಟು ಗೊತ್ತುಂಟು."

"ಇದಕ್ಕೆ ಏಳೇ ಅಜ್ಜಿ. ಎಣಿಸಿ ನೋಡು."

ನಾನು ಎಣಿಸಲಿಲ್ಲ. ಪುಸ್ತಕದಲ್ಲಿ ಇರುವುದನ್ನು ಯಾರಾದರೂ ಹೋಗಿ ಎಣಿಸುತ್ತಾರೆಯೇ?

ಶುಕ್ರವಾರ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ಹಳೆಯ ಅಭ್ಯಾಸ ನೋಡಿ, ಬಲೆ ಕಂಡರೆ ಕೈಯಲ್ಲಿದ್ದ ಹಿಡಿಸೂಡಿ ತಾನಾಗಿ ಮೇಲೇಳುತ್ತದೆ. ಎದ್ದಿತು. ಬಲೆ ಕಡ್ಡಿಗಳಿಗೆ ಅಂಟಿಕೊಂಡು ಬಂತು. ಜೇಡ ಎಲ್ಲಿ ಬಿತ್ತೋ, ಹುಲ್ಲಿನಲ್ಲಿ ಎಷ್ಟು ಹುಡುಕಿದರೂ ಇಲ್ಲ. ಧನ್ಯ ಇನ್ನೂ ಎದ್ದಿರಲಿಲ್ಲ. ಅವಳ ನಾಲ್ಕು ಚಿತ್ರ ಆಗಿತ್ತು, ಮೂರು ಬಾಕಿ.

ತಪ್ಪಾಯಿತು ಎಂದು ಹೇಳಿಬಿಡಬಹುದಿತ್ತು. ಆ ಮಾತು ಬಾಯಿಗೆ ಬರಲಿಲ್ಲ. ಬಾಟಲಿ ಕೈಗೆ ಬಂತು.

ಪಕ್ಕದ ಮನೆಯ ಲೂಸಿಬಾಯಿಯ ಮಲ್ಲಿಗೆ ಚಪ್ಪರದಲ್ಲಿ ಅಂಥದ್ದೇ ಜೇಡಗಳಿವೆ. ಕೇಳಿದ್ದೇ ತಡ, ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಚಾಪುಡಿ ಕೇಳಿಕೊಂಡು ಬಂದವರುಂಟು, ಸಕ್ಕರೆ ಕೇಳಿಕೊಂಡು ಬಂದವರುಂಟು. ಜೇಡ ಕೇಳಿದ್ದು ನೀವೇ ಮೊದಲು ಮಾರಾಯ್ರೆ! ದೊಡ್ಡದು ಬೇಕಾ, ಸಣ್ಣದು ಸಾಕಾ?"

"ಧನ್ಯನಿಗೆ ಹೇಳ್ಬೇಡಿ ಆಯ್ತಾ?"

"ನಾನು ಎಂತಕ್ಕೆ ಹೇಳುವುದು? ಆ ಹುಡುಗಿಗೆ ಕಣ್ಣಿಲ್ವಾ?"

ತಂದು ದಾಸವಾಳದ ಮೇಲೆ ಬಿಟ್ಟೆ. ಅದು ಎಲೆಯ ಅಡಿಯಲ್ಲಿ ಹೊಸ ಸೊಸೆಯ ಹಾಗೆ ಮುದುಡಿ ಕುಳಿತಿತು. 'ಒಂದೆರಡು ಎಳೆಯಾದರೂ ಎಳೆ ಮಾರಾಯ್ತಿ' ಎಂದು ಬೇಡಿಕೊಂಡೆ. ಕೇಳಬೇಕಲ್ಲ?

ಧನ್ಯ ನೋಟ್‌ಬುಕ್ ಹಿಡಿದು ಬಂದಳು. ಬಗ್ಗಿ ನೋಡಿದಳು. ತುಟಿ ಅಲುಗಿತು.

"ಅಜ್ಜಿ, ಇದು ಯಾರದ್ದು?"

"ನಿನ್ನದೇ. ಬಲೆ ಗಾಳಿಗೆ ಹರಿದಿರಬೇಕು."

"ಇದಕ್ಕೆ ಎಂಟು ಕಾಲುಂಟು."

ಪುಸ್ತಕ ಗೆದ್ದಿತು, ನಾನು ಸಿಕ್ಕಿಬಿದ್ದೆ. ಎಲ್ಲ ಒಪ್ಪಿಕೊಂಡೆ. ಅವಳು ಅಳಲಿಲ್ಲ, ಬೈಯಲಿಲ್ಲ. ಮೆಟ್ಟಿಲಲ್ಲಿ ಕುಳಿತು ಚಿತ್ರ ಬಿಡಿಸಿದಳು. ಐದನೇ ದಿನದ ಆ ಪುಟದಲ್ಲಿ ಜೇಡ ಇಲ್ಲ, ಹಿಡಿಸೂಡಿ ಎತ್ತಿದ ಒಬ್ಬಳು ಅಜ್ಜಿ ಇದ್ದಾಳೆ. ಅಡಿಯಲ್ಲಿ ದುಂಡಗಿನ ಅಕ್ಷರದಲ್ಲಿ, 'ಇವತ್ತು ಜೇಡ ಕಾಣಲಿಲ್ಲ. ಕಾರಣ ಮೇಲೆ ಇದೆ.'

ಇಡೀ ದಿನ ನನ್ನೊಡನೆ ಮಾತಿಲ್ಲ. ಒಂದು ಲೋಟ ಚಾ ಕೊಟ್ಟರೂ ಗೋಡೆ ನೋಡಿ ಕುಡಿದಳು.

ಶನಿವಾರ ಬೆಳಿಗ್ಗೆ ಅಂಗಳದಿಂದ ಕೂಗು. "ಅಜ್ಜಿ, ಬೇಗ ಬಾ!"

ಓಡಿದೆ. ಮೊದಲಿಗಿಂತ ಒಂದು ಮೊಳ ಎತ್ತರದಲ್ಲಿ ಹೊಸ ಬಲೆ, ಮಧ್ಯದಲ್ಲಿ ಅದೇ ಠೀವಿ. ಈ ಸಲ ನಾನು ಕನ್ನಡಕ ಹಾಕಿಕೊಂಡು ಎಣಿಸಿದೆ. ಮೂರು ಜೋಡಿ, ಒಂದು ಒಂಟಿ. ಏಳೇ! ಲೂಸಿಬಾಯಿಯ ಜೇಡವನ್ನು ಅದೇ ಬಾಟಲಿಯಲ್ಲಿ ಹಿಂದೆ ಕೊಟ್ಟು ಬಂದೆವು, ಇಬ್ಬರೂ ಕೈ ಹಿಡಿದುಕೊಂಡು.

ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಕುಳಿತಿದ್ದೆ (ಮೆತ್ತಗಿನ ಅನ್ನ, ನಿಮಗೆ ಗೊತ್ತೇ ಇದೆಯಲ್ಲ). ಧನ್ಯ ಪಾಠಪುಸ್ತಕ ಹಿಡಿದು ಎದುರು ಬಂದು ನಿಂತಳು.

"ಅಜ್ಜಿ, ದೊಡ್ಡವರಿಗೆ ಮೂವತ್ತೆರಡು ಹಲ್ಲು ಅಂತ ಇದರಲ್ಲುಂಟು. ಬಾಯಿ ತೆರಿ ನೋಡುವ, ಎಣಿಸ್ತೇನೆ."

ನೀವೇ ಹೇಳಿ ಮಕ್ಕಳೇ, ತೆರೆಯಲೇ?